ಒದ್ದೆ ತಾರಸಿಗೆ ಕೋಟಿಂಗ್ ಬಳಿಸಬೇಡಿ: ಒಂದು ಸೀಲಿಂಗ್ ಕುಸಿದ ಬಗೆ

ಸೋರುವ ಆರ್‌ಸಿಸಿ ತಾರಸಿಗೆ ಬಿಳಿ ವಾಟರ್‌ಪ್ರೂಫ್ ಕೋಟಿಂಗ್ ಬಳಿಸಿ ಒಂದೇ ಮಳೆಗಾಲ ಕಳೆದಿತ್ತು. ಮಲಗುವ ಕೋಣೆಯ ಸೀಲಿಂಗಿನಿಂದ ತಟ್ಟೆಯಗಲದ ಕಾಂಕ್ರೀಟ್ ಚಕ್ಕೆ ಕಳಚಿ ಮಂಚದ ಮೇಲೆ ಬಿತ್ತು. ಆ ಹೊತ್ತಿಗೆ ಮಂಚದಲ್ಲಿ ಯಾರೂ ಇರಲಿಲ್ಲ, ಅಷ್ಟೇ ಪುಣ್ಯ. ಕೆಲಸ ಎಲ್ಲೆಲ್ಲಿ ತಪ್ಪಿತು ಎಂಬುದನ್ನು ಬಿಡಿಸಿ ಬರೆದಿದ್ದೇವೆ. ನಿಮ್ಮ ಮನೆಗೆ ಕೆಲಸದವರನ್ನು ಕರೆಸುವ ಮುನ್ನ ದಯವಿಟ್ಟು ಓದಿ.

ಕೆಲಸ ಒಂದೇ ದಿನದಲ್ಲಿ ಮುಗಿದಿತ್ತು. ಬೆಳಿಗ್ಗೆ ನೀರು ಹೊಡೆದು ತೊಳೆದರು, ಮಧ್ಯಾಹ್ನ ಪ್ರೈಮರ್ (ಕೋಟಿಂಗ್ ಹಿಡಿಯಲೆಂದು ಮೊದಲು ಬಳಿಯುವ ಪದರ), ಸಂಜೆಯೊಳಗೆ ಎರಡು ಕೋಟ್. ಮೊದಲ ತಪ್ಪು ಇಲ್ಲೇ ಆಯಿತು. ತೊಳೆದ ಕಾಂಕ್ರೀಟ್ ಬಿಸಿಲಿಗೆ ಮೇಲ್ಮೈಯಲ್ಲಿ ಬೇಗ ಬೆಳ್ಳಗಾಗುತ್ತದೆ, ಆದರೆ ಒಳಗೆ ನೀರು ಹಾಗೇ ಇರುತ್ತದೆ. ಅದರ ಮೇಲೆ ಕೋಟಿಂಗ್ ಬಿದ್ದರೆ ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಬಿಸಿಲು ಏರಿದಾಗ ಅದು ಆವಿಯಾಗಿ ಕೋಟಿಂಗನ್ನು ಮೇಲಕ್ಕೆ ನೂಕುತ್ತದೆ. ಈ ತಾರಸಿಯಲ್ಲಿ ಅಂಗೈಯಗಲದ ಗುಳ್ಳೆಗಳೆದ್ದಿದ್ದವು. ಒಂದನ್ನು ಬ್ಲೇಡಿನಿಂದ ಕೊಯ್ದರೆ ನೀರು ಜಿನುಗಿತು. ಸಿಪ್ಪೆ ಎತ್ತಿ ತಿರುಗಿಸಿದರೆ ಅದರ ಬೆನ್ನಿಗೆ ಬೂದು ಬಣ್ಣದ ಪುಡಿ ಮೆತ್ತಿಕೊಂಡಿತ್ತು, ಜೊತೆಗೆ ಒಣಪಾಚಿಯ ಕಪ್ಪು ಚುಕ್ಕೆಗಳು. ಅಂದರೆ ಕೋಟಿಂಗ್ ಹಿಡಿದುಕೊಂಡದ್ದು ಕಾಂಕ್ರೀಟನ್ನಲ್ಲ, ಮೇಲಿದ್ದ ಸಡಿಲ ಪುಡಿಯನ್ನು. ತಂತಿ ಬ್ರಷ್ ಹಾಕಿ ಉಜ್ಜಿದ್ದರೆ ಆ ಪುಡಿ ಅಲ್ಲಿರುತ್ತಿರಲಿಲ್ಲ.

ತೇವ ತಿಳಿಯಲು ಯಂತ್ರ ಬೇಕಿಲ್ಲ. ಸುಮಾರು 45 ಸೆಂ.ಮೀ. ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತಾರಸಿಗೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, 16 ಗಂಟೆ ಬಿಡಿ. ಹಾಳೆಯ ಅಡಿಯಲ್ಲಿ ಹನಿಗಟ್ಟಿದ್ದರೆ, ಇಲ್ಲವೇ ಕಾಂಕ್ರೀಟ್ ಕಪ್ಪಗಾಗಿದ್ದರೆ ಇನ್ನೂ ಒಣಗಿಲ್ಲ. ನೆರಳು ಬೀಳುವ ಮೂಲೆಯಲ್ಲೂ ಒಂದು ಹಾಳೆ ಅಂಟಿಸಿ ನೋಡಿ, ಅಲ್ಲಿ ತೇವ ಹೆಚ್ಚು ದಿನ ನಿಲ್ಲುತ್ತದೆ.

ಎರಡನೆಯದು ಅಳತೆಯ ಮೋಸ. ಜನ ಹೆಚ್ಚಾಗಿ ಮೋಸಹೋಗುವುದು ಇಲ್ಲೇ. 100 ಚದರ ಮೀಟರ್ ತಾರಸಿಗೆ 20 ಲೀಟರಿನ ಒಂದೇ ಬಕೆಟ್ ಖಾಲಿಯಾಗಿತ್ತು. ಲೆಕ್ಕ ಸುಲಭ: ಒಂದು ಚದರ ಮೀಟರಿಗೆ ಒಂದು ಲೀಟರ್ ಬಳಿದರೆ ಹಸಿ ಪದರ 1 ಮಿ.ಮೀ. ದಪ್ಪ. ಇಲ್ಲಿ ಬಿದ್ದದ್ದು 0.2 ಮಿ.ಮೀ. ಅದರಲ್ಲಿ ಅರ್ಧ ನೀರೇ ಎಂದುಕೊಂಡರೆ ಒಣಗಿದ ಮೇಲೆ ಉಳಿಯುವುದು 0.1 ಮಿ.ಮೀ. ಅದು ಬರೀ ಬಣ್ಣ, ನೀರು ತಡೆಯುವ ಪದರವಲ್ಲ. ಒಣಗಿದ ಪದರ 1 ಮಿ.ಮೀ. ಬೇಕಿದ್ದರೆ ಇದೇ ಸರಕು ಚದರ ಮೀಟರಿಗೆ 2 ಲೀಟರ್, ಅಂದರೆ ಇಡೀ ತಾರಸಿಗೆ ಹತ್ತು ಬಕೆಟ್ ಬೇಕಾಗುತ್ತಿತ್ತು. ಅದನ್ನೂ ಒಂದೇ ಸಲ ಸುರಿಯುವಂತಿಲ್ಲ. ತೆಳುವಾಗಿ ಹಲವು ಕೋಟ್, ಒಂದಕ್ಕೊಂದು ಅಡ್ಡಡ್ಡ. ಆದ್ದರಿಂದ ‘ಎಷ್ಟು ಕೋಟ್ ಹೊಡೆಯುತ್ತೀರಿ’ ಎಂದು ಕೇಳಬೇಡಿ, ‘ಚದರ ಮೀಟರಿಗೆ ಎಷ್ಟು ಲೀಟರ್’ ಎಂದು ಕೇಳಿ. ಉತ್ತರವನ್ನು ಕಂಪನಿಯ ತಾಂತ್ರಿಕ ಹಾಳೆಯ ಜೊತೆ ಹೋಲಿಸಿ. ಬಕೆಟ್‌ಗಳ ಸೀಲ್ ನಿಮ್ಮೆದುರೇ ಒಡೆಯಲಿ.

ಮೂರನೆಯದು ವಾಟ, ಅಂದರೆ ನೀರು ಹರಿದುಹೋಗಲು ಬೇಕಾದ ಇಳಿಜಾರು. ಹಿಂದೆ ಎರಡು ಸಲ ತಾರಸಿ ಮೇಲೆ ಗಾರೆ ಹಾಕಿಸಿದಾಗ ವಾಟ ಕೆಟ್ಟು, ನೀರು ಹೋಗುವ ಕೊಳವೆಯ ಬಾಯಿಯೇ ಸುತ್ತಲಿನ ನೆಲಕ್ಕಿಂತ ಎತ್ತರವಾಗಿತ್ತು. ನೀರು ಅಲ್ಲೇ ನಿಂತು ನಿಂತು ಅಕ್ರಿಲಿಕ್ ಕೋಟಿಂಗ್ ಮೆತ್ತಗಾಗಿತ್ತು. ದಿನಗಟ್ಟಲೆ ನಿಂತ ನೀರನ್ನು ಅದು ತಾಳುವುದಿಲ್ಲ. ವಾಟ ಕನಿಷ್ಠ ನೂರಕ್ಕೊಂದು ಇರಬೇಕು, 5 ಮೀಟರ್ ಉದ್ದಕ್ಕೆ 5 ಸೆಂ.ಮೀ. ಇಳಿತ. ಹಾಗಂತ ಹಳೆಯ ಗಾರೆಯ ಮೇಲೆಯೇ ಇನ್ನೊಂದು ಪದರ ಹಾಕಿಸಬೇಡಿ. 5 ಸೆಂ.ಮೀ. ಗಾರೆ ಪ್ರತಿ ಚದರ ಮೀಟರಿಗೆ ಸುಮಾರು 100 ಕೆ.ಜಿ. ಭಾರ. ಹಳೆಯದನ್ನು ಕೆತ್ತಿ ತೆಗೆಸಿಯೇ ಹೊಸದು.

ಬಿರುಕುಗಳಿಗೆ ಸಿಮೆಂಟ್ ಹಾಲು ಸವರಿದ್ದರು. ಕಾಂಕ್ರೀಟ್ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವಾಗ ಬಿರುಕಿನ ಅಗಲವೂ ಬದಲಾಗುತ್ತದೆ, ಹಾಗಾಗಿ ಅದರಲ್ಲಿ ಸಿಮೆಂಟ್ ನಿಲ್ಲುವುದಿಲ್ಲ. 10 ಮಿ.ಮೀ. ಅಗಲ, ಅಷ್ಟೇ ಆಳಕ್ಕೆ ಕೊರೆದು, ಧೂಳು ಊದಿ, ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಾಲಿಯುರೆಥೇನ್ ಸೀಲೆಂಟ್ ತುಂಬಬೇಕು. ತಾರಸಿ ಮತ್ತು ಪ್ಯಾರಾಪೆಟ್ ಗೋಡೆ ಸೇರುವ ಮೂಲೆಗೆ ಗಾರೆಯಿಂದ ಇಳಿಜಾರು ಕಟ್ಟಿ, ಫೈಬರ್ ಜಾಲರಿ ಕೂರಿಸಿ, ಕೋಟಿಂಗನ್ನು ಗೋಡೆಯ ಮೇಲೆ ಒಂದಡಿಯವರೆಗಾದರೂ ಏರಿಸಬೇಕು.

ಇಷ್ಟಕ್ಕೂ ಚಕ್ಕೆ ಬಿದ್ದದ್ದು ಯಾಕೆ? ಸೀಲಿಂಗಿನಲ್ಲಿದ್ದ ಕಂದು ಕಲೆಯ ಮೇಲೆ ಪುಟ್ಟಿ ಹಚ್ಚಿ ಬಣ್ಣ ಬಳಿದಿದ್ದರು. ಕಂದು ಕಲೆ ಕಾಂಕ್ರೀಟಿನೊಳಗಿನ ಕಬ್ಬಿಣದ ಕಂಬಿ ತುಕ್ಕು ಹಿಡಿಯುತ್ತಿರುವುದರ ಸುಳಿವಾಗಿರಬಹುದು. ತುಕ್ಕಿಗೆ ಮೂಲ ಕಬ್ಬಿಣದ ಹಲವು ಪಟ್ಟು ಜಾಗ ಬೇಕು, ಹಾಗಾಗಿ ಅದು ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಮೇಲಿನಿಂದ ಕೋಟಿಂಗ್, ಕೆಳಗಿನಿಂದ ಪುಟ್ಟಿ. ನಡುವೆ ತೇವ ಸಿಕ್ಕಿಕೊಂಡಿತು, ತುಕ್ಕು ಕಣ್ಣಿಗೆ ಬೀಳದಂತೆ ಬೆಳೆಯಿತು. ಕಲೆ ಕಂಡಲ್ಲಿ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದರೆ ಅದರ ಕೆಳಗೆ ಯಾರನ್ನೂ ಮಲಗಿಸಬೇಡಿ. ಸಡಿಲ ಕಾಂಕ್ರೀಟನ್ನು ಕಂಬಿಯ ಹಿಂಬದಿಯವರೆಗೂ ಕೆತ್ತಿಸಿ, ತುಕ್ಕು ಉಜ್ಜಿ ತೆಗೆದು, ಕಂಬಿಗೆ ಸತುವಿನ ಪ್ರೈಮರ್ ಬಳಿದು, ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆಯನ್ನು ತೆಳು ಪದರಗಳಲ್ಲಿ ತುಂಬಿಸಬೇಕು. ಕಂಬಿ ಸವೆದಿದೆಯೇ ಎಂದು ಅಳೆಯಲೇಬೇಕು. 10 ಮಿ.ಮೀ. ಕಂಬಿ 9 ಮಿ.ಮೀ.ಗೆ ಇಳಿದರೆ ಕಡಿಮೆಯಾದದ್ದು ಬರೀ ಒಂದು ಮಿ.ಮೀ. ಅನ್ನಿಸುತ್ತದೆ, ಆದರೆ ಕಬ್ಬಿಣದಲ್ಲಿ ಶೇ. 19 ಹೋಗಿರುತ್ತದೆ. ಅಲ್ಲಿಂದಾಚೆಗೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಂದುವರಿಯಬೇಡಿ. ಫ್ಯಾನ್ ಕೊಕ್ಕೆಯಲ್ಲೋ ಲೈಟಿನ ಡಬ್ಬಿಯಲ್ಲೋ ನೀರು ತೊಟ್ಟಿಕ್ಕಿದರೆ ಮೊದಲು ಆ ಲೈನಿನ ಎಂಸಿಬಿ (ಕರೆಂಟ್ ಕಡಿತಗೊಳಿಸುವ ಸ್ವಿಚ್) ಇಳಿಸಿ. ನೀರು ವೈರಿನ ಪೈಪಿನೊಳಗೆ ಹರಿದು ಬರುವುದರಿಂದ ತೂತು ನೇರ ಮೇಲೆಯೇ ಇರಬೇಕೆಂದಿಲ್ಲ.

ಕೋಟಿಂಗ್ ಆದಮೇಲೆ ಸೋಲಾರ್ ಸ್ಟ್ಯಾಂಡಿನ ಕಾಲಿಗೆಂದು ತಾರಸಿಗೆ ಡ್ರಿಲ್ ಹಾಕಿಸಬೇಡಿ. ಕಾಲುಗಳನ್ನು ಮೊದಲೇ ಕಾಂಕ್ರೀಟ್ ದಿಮ್ಮಿಗೆ ಕೂರಿಸಿ.

ಕೊನೆಯ ಕಂತಿನ ಹಣ ಕೊಡುವುದಕ್ಕೆ ಮುಂಚೆ, ಕೋಟಿಂಗ್ ಪೂರ್ತಿ ಗಟ್ಟಿಯಾದ ಮೇಲೆ, ಕೊಳವೆ ಬಾಯಿ ಮುಚ್ಚಿ 25 ಮಿ.ಮೀ. ನೀರನ್ನು 48 ಗಂಟೆ ನಿಲ್ಲಿಸಿ ನೋಡಿ. ಅದು ಚದರ ಮೀಟರಿಗೆ 25 ಕೆ.ಜಿ. ಭಾರ, ಹಾಗಾಗಿ ಸೀಲಿಂಗಿನಲ್ಲಿ ಕಂಬಿ ಕಾಣುತ್ತಿದ್ದರೆ ಎಂಜಿನಿಯರ್ ಒಪ್ಪದೆ ನೀರು ನಿಲ್ಲಿಸುವ ಧೈರ್ಯ ಮಾಡಬೇಡಿ.