ಗರುಗ ಬೆಳೆಸುವಾಗ: ಬೀಜವೋ, ಕಾಂಡದ ತುಂಡೋ?

ಗದ್ದೆಯ ಬದುವಿನಲ್ಲೂ ಕಾಲುವೆಯ ಅಂಚಿನಲ್ಲೂ ತಾನಾಗಿಯೇ ಹಬ್ಬುವ ಗರುಗವನ್ನು ಬಿತ್ತಿ ಬೆಳೆಸುವ ಅಗತ್ಯವೇನು ಎಂದು ಕೇಳುವವರಿದ್ದಾರೆ. ಅದು ತಾನಾಗಿ ಬೆಳೆಯುವ ಜಾಗಗಳಲ್ಲಿ ಹೆಚ್ಚಿನವು ಕೊಳಚೆ ಹರಿಯುವ ಚರಂಡಿಗಳು ಅಥವಾ ಕಳೆನಾಶಕ ಸಿಂಪಡಿಸಿದ ಹೊಲಗಳು ಎಂಬುದೇ ನನ್ನ ಉತ್ತರ. ತಲೆಗೆ ಹಚ್ಚುವ ಎಣ್ಣೆಗೂ ಅಡುಗೆಗೂ ಬಳಸುವ ಸೊಪ್ಪು ಶುದ್ಧವಾದ ನೆಲದಲ್ಲಿ ಬೆಳೆದಿರಬೇಕೆಂಬ ಆಸೆಯಿಂದ, ಸೂರ್ಯಕಾಂತಿ ಮತ್ತು ಸೇವಂತಿಗೆಗಳ ಕುಟುಂಬಕ್ಕೆ ಸೇರಿದ ಈ ಗರುಗವನ್ನು (ವೈಜ್ಞಾನಿಕ ಹೆಸರು ಎಕ್ಲಿಪ್ಟಾ ಪ್ರಾಸ್ಟ್ರಾಟಾ) ಅಕ್ಕಪಕ್ಕದ ಎರಡು ಮಡಿಗಳಲ್ಲಿ, ಒಂದರಲ್ಲಿ ಬೀಜದಿಂದ ಮತ್ತು ಇನ್ನೊಂದರಲ್ಲಿ ಕಾಂಡದ ತುಂಡುಗಳಿಂದ, ಬೆಳೆಸಿ ನೋಡಿದೆ.

ಬೀಜದ ಮಡಿಯಲ್ಲಿ ಮೊದಲ ಬಿತ್ತನೆ ವ್ಯರ್ಥವಾಯಿತು. ಇತರ ಸೊಪ್ಪಿನ ಬೀಜಗಳಿಗೆ ಮಾಡುವಂತೆ ಮೇಲೆ ಮಣ್ಣು ಮುಚ್ಚಿದ್ದೇ ಅದಕ್ಕೆ ಕಾರಣ. ಗರುಗದ ಬೀಜ ಮೊಳೆಯಲು ಬೆಳಕು ಬೇಕು. ಎರಡನೆಯ ಸಲ ಒದ್ದೆ ಮಣ್ಣಿನ ಮೇಲೆ ಬೀಜವನ್ನು ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಮೇಲ್ಪದರ ಒಣಗದಂತೆ ಹನಿ ಹನಿಯಾಗಿ ನೀರು ಚಿಮುಕಿಸಿದಾಗ ಕೆಲವೇ ದಿನಗಳಲ್ಲಿ ಮಡಿಯೆಲ್ಲ ಹಸಿರಾಯಿತು. ಬೀಜ ಸಂಗ್ರಹಿಸುವುದು ಸುಲಭ: ಬಿಳಿಯ ಕಿರುಹೂಗಳು ಉದುರಿ, ಹಸಿರು ಗುಂಡಿಯಂತಿದ್ದ ಹೂತಲೆ ಕಂದು ಬಣ್ಣಕ್ಕೆ ತಿರುಗಿದಾಗ ಅದನ್ನು ಕಾಗದದ ಮೇಲೆ ಉಜ್ಜಿದರೆ ಸಾಕು. ಇದೇ ಕುಟುಂಬದ ಎಷ್ಟೋ ಗಿಡಗಳ ಬೀಜಗಳಿಗೆ ಗಾಳಿಯಲ್ಲಿ ತೇಲಲು ಕುಚ್ಚಿರುತ್ತದೆ. ಗರುಗದ ಬೀಜಕ್ಕೆ ಅದಿಲ್ಲದ ಕಾರಣ ಬೀಜವೆಲ್ಲ ಗಿಡದ ಬುಡದಲ್ಲೇ ಬೀಳುತ್ತದೆ, ಇಲ್ಲವೇ ನೀರಿನೊಂದಿಗೆ ಹರಿದುಹೋಗುತ್ತದೆ.

ಕಾಂಡದ ತುಂಡುಗಳ ಮಡಿ ಆರಂಭದಲ್ಲಿ ಬಹಳ ಮುಂದಿತ್ತು. ನಾಲ್ಕು ಗೆಣ್ಣುಗಳಿರುವ ತುಂಡನ್ನು ತೆಗೆದುಕೊಂಡು, ಕೆಳಗಿನ ಎಲೆಗಳನ್ನು ಕಿತ್ತು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟೆ. ಒದ್ದೆ ನೆಲಕ್ಕೆ ತಾಗಿದ ಗೆಣ್ಣಿನಲ್ಲಿ ಬೇರು ಬಿಡುವುದು ಈ ಗಿಡದ ಸಹಜ ಗುಣವೇ ಆಗಿದೆ. ಕತ್ತರಿಸಿದ ತುದಿ ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುವುದನ್ನು ಕಂಡು ತುಂಡು ಕೊಳೆಯಿತೆಂದು ಎಸೆಯಬಾರದು; ಗಾಳಿ ತಾಗಿದಾಗ ಅದರ ರಸ ಕಪ್ಪಾಗುತ್ತದೆ, ಕಾಡಿಗೆ ಗರುಗವೆಂಬ ಹೆಸರು ಅದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ.

ಆದರೆ ಮುನ್ನಡೆ ಉಳಿಯಲಿಲ್ಲ. ಹೂ ಬಿಟ್ಟಿದ್ದ ಗಿಡದಿಂದ ತೆಗೆದ ತುಂಡುಗಳು ಬೇರೂರಿದ ಕೂಡಲೇ ಮತ್ತೆ ಹೂ ಬಿಡತೊಡಗಿದವು, ಎಲೆಗಳು ಸಣ್ಣವಾಗಿಯೇ ಉಳಿದವು, ಬಿಸಿಲಿನ ದಿನ ನೀರು ತಪ್ಪಿದರೆ ಮೊದಲು ಬಾಡುತ್ತಿದ್ದವೂ ಅವೇ. ಬೀಜದ ಸಸಿಗಳು ಮೊದಲ ತಿಂಗಳು ನಿಧಾನವಾಗಿ ಬೆಳೆದು, ಬೇರೆ ಕಳೆಗಳ ನಡುವೆ ಅವುಗಳನ್ನು ಗುರುತಿಸಿ ಉಳಿಸಿಕೊಳ್ಳುವುದೇ ದೊಡ್ಡ ಕೆಲಸವಾಯಿತಾದರೂ, ಅನಂತರ ನೆಟ್ಟಗೆ ಎದ್ದು ಅಗಲವಾದ ಎಲೆಗಳನ್ನು ಕೊಟ್ಟವು, ಎರಡು ಸಲ ಕೊಯ್ದ ಮೇಲೂ ಚಿಗುರಿದವು. ಸೊಪ್ಪಿಗಾಗಿ ಬೆಳೆಯುವವರಿಗೆ ಬೀಜವೇ ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹಳದಿ ಗರುಗವೆಂದು ಯಾರೋ ಕೊಟ್ಟ ಗಿಡವನ್ನೂ ಒಂದು ಮೂಲೆಯಲ್ಲಿ ನೆಟ್ಟಿದ್ದೆ. ಅದು ಬೆಳೆದು ಎಲೆಗಳಲ್ಲಿ ಮೂರು ಹಾಲೆಗಳು ಕಾಣಿಸಿಕೊಂಡಾಗ ತಪ್ಪು ತಿಳಿಯಿತು: ಅದು ಔಷಧದ ಹಳದಿ ಗರುಗವಲ್ಲ, ಉಷ್ಣವಲಯದ ಅಮೆರಿಕದಿಂದ ಬಂದ, ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಸ್ಫ್ಯಾಗ್ನೆಟಿಕೋಲಾ ಟ್ರೈಲೋಬಾಟಾ. ತುಂಡೊಂದು ಉಳಿದರೂ ಮತ್ತೆ ಹಬ್ಬುವ ಗಿಡವಾದುದರಿಂದ ಬೇರುಸಹಿತ ಅಗೆದು ತೆಗೆಯಬೇಕಾಯಿತು.

ಈಗ ಬೀಜದ ಮಡಿಯಲ್ಲಿ ಸಸಿ ಬಾರದ ಜಾಗಗಳನ್ನು ಮಾತ್ರ ತುಂಡುಗಳಿಂದ ತುಂಬಿಸುತ್ತೇನೆ, ಅದೂ ಇನ್ನೂ ಮೊಗ್ಗು ಕಾಣದ ಎಳೆಯ ಕಾಂಡದಿಂದ. ಪಕ್ಕದಲ್ಲಿ ತರಕಾರಿ ಮಡಿಯಿದ್ದರೆ, ಬೀಜ ಅಲ್ಲಿ ಬಿದ್ದು ಕಳೆಯಾಗದಂತೆ, ಆ ಅಂಚಿನ ಗಿಡಗಳ ಹೂತಲೆಗಳನ್ನು ಬಲಿಯುವ ಮೊದಲೇ ಚಿವುಟುತ್ತೇನೆ.