ಜನರೇಟರ್ ನಿಂತ ಮೇಲೆ ಬರುವ ಗುಮ್ಮ: ‘ಅಮ್ನೀಷಿಯಾ: ದಿ ಬಂಕರ್’ ಮತ್ತೆ ಮತ್ತೆ ಆಡಿದ ಮೇಲೆ

ಕೈಯಲ್ಲಿರುವ ಗಡಿಯಾರದ ಮುಳ್ಳು ಕೊನೆ ಮುಟ್ಟಿತೆಂದರೆ ಜನರೇಟರಿನ ಇಂಧನ ಮುಗಿದು ಬಂಕರಿನಲ್ಲಿ ಕರೆಂಟು ಹೋಯಿತೆಂದೇ ಲೆಕ್ಕ. ಬಲ್ಬುಗಳು ಮಿಣುಕಿ ಆರುತ್ತವೆ. ಅಲ್ಲಿಯವರೆಗೆ ಗೋಡೆಯೊಳಗೆ ಪರಚಾಡಿಕೊಂಡಿದ್ದ ಮೃಗ ಕಾರಿಡಾರಿಗೆ ಇಳಿಯುತ್ತದೆ. ‘ಅಮ್ನೀಷಿಯಾ: ದಿ ಬಂಕರ್’ ಆಟ ನಿಂತಿರುವುದೇ ಈ ಒಂದು ಏರ್ಪಾಟಿನ ಮೇಲೆ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ಇದನ್ನು 2023ರ ಜೂನ್‌ನಲ್ಲಿ ಪಿಸಿ, ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ಗೆ ಬಿಟ್ಟಿತು. ಮೊದಲ ಸಲ ಮುಗಿಸಲು ಐದಾರು ಗಂಟೆ ಸಾಕು. ಇಷ್ಟು ಚಿಕ್ಕ ಆಟವನ್ನು ಅಳಿಸದೆ ಇಟ್ಟುಕೊಂಡು ಮತ್ತೆ ಮತ್ತೆ ಆಡುವಂಥದ್ದು ಏನಿದೆ, ಎಷ್ಟನೇ ಸಲಕ್ಕೆ ಸವೆಯುತ್ತದೆ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ. ಕಥೆಯ ಗುಟ್ಟು ಬಿಡುವುದಿಲ್ಲ.

ಕಾಲ 1916, ಮೊದಲ ಮಹಾಯುದ್ಧ. ಆನ್ರಿ ಕ್ಲೆಮಾಂ ಎಂಬ ಫ್ರೆಂಚ್ ಸೈನಿಕ ಬಂಕರಿನ ಆಸ್ಪತ್ರೆ ಹಾಸಿಗೆಯಲ್ಲಿ ಎಚ್ಚರಗೊಳ್ಳುತ್ತಾನೆ. ಹಿಂದಿನದು ಏನೂ ನೆನಪಿಲ್ಲ. ಮೇಲಧಿಕಾರಿಗಳು ಹೊರದಾರಿಯನ್ನು ಸ್ಫೋಟಿಸಿ ಮುಚ್ಚಿ ಓಡಿಹೋಗಿದ್ದಾರೆ. ಡೈನಮೈಟ್ ಮತ್ತು ಅದನ್ನು ಸಿಡಿಸುವ ಯಂತ್ರದ ಹಿಡಿ, ಎರಡನ್ನೂ ಹುಡುಕಿ ತಂದು ಆ ದಾರಿ ಬಿಡಿಸಬೇಕು. ಕೆಲಸ ಇಷ್ಟೇ. ಅಡ್ಡ ಬರುವ ಮೃಗವೂ ಒಂದೇ ಒಂದು.

ಆ ಒಂದನ್ನು ಅರ್ಥ ಮಾಡಿಕೊಂಡರೆ ಅರ್ಧ ಆಟ ಗೆದ್ದಂತೆ. ಈ ಮೃಗ ಇಂಥ ಬಾಗಿಲು ದಾಟಿದಾಗ ಇಂಥ ಕಡೆಯಿಂದ ಹಾರುತ್ತದೆ ಎಂದು ಮೊದಲೇ ಬರೆದಿಟ್ಟದ್ದಲ್ಲ. ಗೋಡೆಗಳ ಹಿಂದೆ ಅದರದೇ ಸುರಂಗಗಳಿವೆ, ಅಲ್ಲಲ್ಲಿ ಗೋಡೆ ಒಡೆದು ಮಾಡಿದ ತೂತುಗಳಿವೆ. ಅದನ್ನು ಹೊರಗೆ ಕರೆಯುವುದು ಎರಡೇ: ಸದ್ದು ಮತ್ತು ಕತ್ತಲೆ. ದೀಪ ಉರಿಯುತ್ತಿರುವಾಗ ಅದು ಹೆಚ್ಚಿನ ಹೊತ್ತು ಗೋಡೆಯೊಳಗೇ ಇರುತ್ತದೆ, ದೊಡ್ಡ ಸದ್ದಾದರೆ ಮಾತ್ರ ಬಂದು ನೋಡುತ್ತದೆ. ದೀಪ ಹೋದರೆ ಕರೆಯದೆಯೂ ಬರುತ್ತದೆ, ಬಂದರೆ ಬೇಗ ಹೋಗುವುದಿಲ್ಲ. ‘ಬೆಳಕಿದ್ದರೆ ಕ್ಷೇಮ’ ಎಂದು ಹೊಸಬರು ತಿಳಿಯುವುದೇ ಮೊದಲ ತಪ್ಪು. ಬೆಳಕಿನಲ್ಲಿ ನಿಂತು ಒಂದು ಗುಂಡು ಹಾರಿಸಿ ನೋಡಿ, ತಲೆಯ ಮೇಲೆ ಮಣ್ಣು ಉದುರುವುದು ಕೇಳಿಸುತ್ತದೆ.

ಅಮ್ನೀಷಿಯಾ ಸರಣಿಯಲ್ಲಿ ಆಟಗಾರನ ಕೈಗೆ ಬಂದೂಕು ಕೊಟ್ಟದ್ದು ಇದೇ ಮೊದಲು. 2010ರ ಮೊದಲ ಆಟದಲ್ಲಿ ಓಡುವುದು, ಅಡಗುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಇಲ್ಲಿ ರಿವಾಲ್ವರ್ ಇದೆ, ಮುಂದೆ ಶಾಟ್‌ಗನ್ ಕೂಡ ಸಿಗುತ್ತದೆ. ಆದರೆ ಗುಂಡಿನಿಂದ ಮೃಗ ಸಾಯುವುದಿಲ್ಲ. ಪೆಟ್ಟು ಬಿದ್ದರೆ ಕಿರುಚಿ ತೂತಿನೊಳಗೆ ನುಗ್ಗುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಜರ್. ಅಂದರೆ ಗುಂಡು ಕೊಟ್ಟು ನೀವು ಕೊಳ್ಳುವುದು ಆ ಸ್ವಲ್ಪ ಹೊತ್ತನ್ನು ಮಾತ್ರ. ಹಿಮ್ಮೆಟ್ಟುತ್ತಿರುವ ಮೃಗದ ಬೆನ್ನಿಗೆ ಇನ್ನೆರಡು ಹೊಡೆಯುವುದು ಶುದ್ಧ ದಂಡ. ಪರದೆಯ ಮೂಲೆಯಲ್ಲಿ ಗುಂಡಿನ ಲೆಕ್ಕ ತೋರಿಸುವ ಅಂಕಿಯೂ ಇಲ್ಲ. ಸಿಲಿಂಡರ್ ಬಿಚ್ಚಿ ಕಣ್ಣಲ್ಲೇ ಎಣಿಸಿಕೊಳ್ಳಬೇಕು, ಗುಂಡುಗಳನ್ನು ಒಂದೊಂದಾಗಿ ತುಂಬಬೇಕು. ಓಡುತ್ತಾ ತುಂಬಲು ಹೋದರೆ ಎರಡು ಗುಂಡು ಒಳಗೆ ಹೋಗುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಕೋಣೆ ಬಿಡುವ ಮೊದಲೇ ಸಿಲಿಂಡರ್ ನೋಡಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಈ ಆಟದ ಅತಿ ಚಂದದ, ಅತಿ ಕ್ರೂರವಾದ ವಸ್ತು ಮಾತ್ರ ಬಂದೂಕಲ್ಲ, ಟಾರ್ಚು. ಅದಕ್ಕೆ ಬ್ಯಾಟರಿ ಇಲ್ಲ, ಒಳಗಿರುವುದು ಡೈನಮೊ. ಹಗ್ಗ ಹಿಡಿದು ಎಳೆದರೆ ‘ಗರ್ರ್’ ಎಂದು ತಿರುಗಿ ಬೆಳಕು ಹತ್ತುತ್ತದೆ, ಮೆಲ್ಲನೆ ಮಂಕಾಗುತ್ತಾ ಆರುತ್ತದೆ, ಮತ್ತೆ ಎಳೆಯಬೇಕು. ಆ ‘ಗರ್ರ್’ ಮೃಗಕ್ಕೂ ಕೇಳಿಸುತ್ತದೆ. ಅದು ಎಲ್ಲಿದೆ ಎಂದು ನೋಡಲು ಬೆಳಕು ಬೇಕು, ಬೆಳಕು ಬೇಕಾದರೆ ನಾನಿಲ್ಲಿದ್ದೇನೆ ಎಂದು ಅದಕ್ಕೇ ಸಾರಬೇಕು. ಮೃಗದ ಬುದ್ಧಿಯನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಮಟ್ಟಿಗೆ ಅರ್ಧ ಶ್ರೇಯಸ್ಸು ಈ ಹಗ್ಗಕ್ಕೆ ಸಲ್ಲಬೇಕು. ಬಳಸುವ ಕ್ರಮ ಹೀಗಿರಲಿ: ಸೇಫ್ ರೂಮಿನೊಳಗೆ (ಆಟ ಸೇವ್ ಮಾಡುವ ಭದ್ರ ಕೋಣೆ) ಬಾಗಿಲು ಮುಚ್ಚಿಕೊಂಡೇ ಪೂರ್ತಿ ಎಳೆದು ಹೊರಡಿ. ಹೊರಗೆ ಎಳೆಯಬೇಕಾಗಿ ಬಂದರೆ ಬಿಟ್ಟು ಬಿಟ್ಟು ಐದು ಸಲ ಎಳೆಯುವ ಬದಲು ಒಂದೇ ಬಾರಿಗೆ ಎಳೆದು ಮುಗಿಸಿ, ಆ ಜಾಗ ಬಿಟ್ಟು ಆಚೆ ನಡೆದುಬಿಡಿ. ಗುರುಗುಟ್ಟುವುದು ಕೇಳಿಸಿದ ಮೇಲೆ ಹಗ್ಗ ಮುಟ್ಟಲೇಬೇಡಿ. ಗೋಡೆ ಹಿಡಿದು ಕುಕ್ಕರುಗಾಲಿನಲ್ಲಿ ಸರಿಯುವುದೇ ಮೇಲು.

ಇನ್ನು ಜನರೇಟರ್. ಅದು ಇರುವುದು ಬಂಕರಿನ ನಡುವಿನ ಆಡಳಿತ ವಿಭಾಗದಲ್ಲಿ. ಗೋಡೆಯ ಮೇಲಿನ ನಕ್ಷೆ, ಸಾಮಾನು ಇಡುವ ಪೆಟ್ಟಿಗೆ, ಆಟ ಸೇವ್ ಮಾಡುವ ಲ್ಯಾಂಟರ್ನ್ ಎಲ್ಲವೂ ಅಲ್ಲೇ. ಸೈನಿಕರ ವಸತಿ, ಉಗ್ರಾಣ, ರಿಪೇರಿ ವಿಭಾಗ, ಸೆರೆಮನೆ, ಶಸ್ತ್ರಾಗಾರ ಹೀಗೆ ಎಲ್ಲಿಗೆ ಹೋದರೂ ತಿರುಗಿ ಬರಬೇಕಾದ್ದು ಇಲ್ಲಿಗೇ. ಇಂಧನದ ಕ್ಯಾನುಗಳು ಅಲ್ಲಲ್ಲಿ ಸಿಗುತ್ತವೆ, ಆದರೆ ಎಂದೂ ಸಾಕಾಗುವಷ್ಟಲ್ಲ. ಜನರೇಟರಿಗೆ ಹೊಂದಿಸಿದ ಗಡಿಯಾರ ಕೈಯಲ್ಲಿರುವುದರಿಂದ ಎಷ್ಟು ಹೊತ್ತು ಉಳಿದಿದೆ ಎಂದು ಎಲ್ಲಿದ್ದರೂ ನೋಡಬಹುದು.

ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ: ಮೊದಲು ಇಂಧನ ಸುರಿದು, ದೀಪ ಹತ್ತಿದ ಮೇಲೆ ಯೋಚನೆ ಶುರು ಮಾಡುತ್ತಾರೆ. ಇದು ಉಲ್ಟಾ ಆಗಬೇಕು. ಬಾಗಿಲುಗಳನ್ನು ಭದ್ರ ಮಾಡಿಕೊಂಡು, ಜನರೇಟರ್ ನಿಂತಿರುವಾಗಲೇ, ಹೊರಗಿಂದ ತಂದ ಚೀಟಿ ಕಾಗದಗಳನ್ನೆಲ್ಲ ಓದಿ ಮುಗಿಸಿ. ನಕ್ಷೆ ನೋಡಿ ಈ ಸಲ ಹೋಗಬೇಕಾದ ಒಂದೇ ಒಂದು ಜಾಗ ಗೊತ್ತು ಮಾಡಿ. ಚೀಲದಲ್ಲಿ ಖಾನೆಗಳು ಕಡಿಮೆ, ಬೇಡದ್ದನ್ನು ಪೆಟ್ಟಿಗೆಗೆ ಹಾಕಿ, ಕನಿಷ್ಠ ಎರಡು ಖಾನೆ ಖಾಲಿ ಇರಲಿ. ಸೇವ್ ಮಾಡಿ. ಇಂಧನ ಸುರಿಯುವುದು ಇದೆಲ್ಲದರ ಕೊನೆಗೆ, ಸುರಿದ ಮರುಗಳಿಗೆ ಹೊರಡಬೇಕು. ವಾಪಸು ಬರಲು ಹೋದಷ್ಟೇ ಹೊತ್ತು ಬೇಕು ಎಂಬುದು ಸಣ್ಣ ಲೆಕ್ಕ, ಆದರೂ ತಪ್ಪುವುದು ಅದೇ. ಗಡಿಯಾರ ಅರ್ಧಕ್ಕೆ ಬಂದಾಗ ಇನ್ನೊಂದು ಬೀರು ತೆರೆದು ನೋಡೋಣ ಎನಿಸಿದರೆ ಬಿಟ್ಟು ಬನ್ನಿ. ಬೀರು ಎಲ್ಲಿಗೂ ಹೋಗುವುದಿಲ್ಲ.

ಬಾಗಿಲು ಮತ್ತು ಬೀಗದ ವಿಚಾರದಲ್ಲಿ ಆಟ ನಿಜಕ್ಕೂ ಉದಾರ. ಒಂದು ಬೀಗಕ್ಕೆ ಒಂದೇ ಕೀಲಿ ಎಂಬ ಹಟ ಇಲ್ಲ. ಬೀಗಕ್ಕೆ ಗುಂಡು ಹೊಡೆಯಬಹುದು, ಮರದ ಬಾಗಿಲನ್ನು ಇಟ್ಟಿಗೆಯಿಂದ ಕುಟ್ಟಿ ಒಡೆಯಬಹುದು, ಗ್ರೆನೇಡ್ ಎಸೆಯಬಹುದು, ಸ್ಫೋಟಕದ ಪೀಪಾಯಿಯನ್ನು ಎಳೆದು ತಂದು ಬಾಗಿಲ ಬಳಿ ನಿಲ್ಲಿಸಿ ದೂರದಿಂದ ಸಿಡಿಸಬಹುದು. ಇವೆಲ್ಲದಕ್ಕೂ ಬೆಲೆ ಒಂದೇ, ಸದ್ದು. ಅದಕ್ಕೆ ಒಡೆಯುವ ಮೊದಲೇ ಅಡಗುವ ಜಾಗ ನೋಡಿಟ್ಟುಕೊಳ್ಳಿ. ಮಂಚದ ಅಡಿಯೋ ಮೇಜಿನ ಅಡಿಯೋ ಇರಲಿ, ಗೋಡೆಯ ತೂತಿನ ಎದುರಿಗೆ ಮಾತ್ರ ಬೇಡ. ಹೊಡೆದ ಕೂಡಲೇ ಒಳಗೆ ನುಗ್ಗಬೇಡಿ. ಹೋಗಿ ಅಡಗಿ, ಅದು ಬಂದು ಮೂಸಿ ನೋಡಿ ಹಿಂದಿರುಗುವ ತನಕ ಕಾಯಿರಿ. ಒಡೆದ ಬಾಗಿಲು ಹೇಗೂ ಒಡೆದೇ ಇರುತ್ತದೆ. ಸಾಲದ್ದಕ್ಕೆ ಒಂದು ಜಿಪುಣರ ಉಪಾಯವೂ ಇದೆ: ಮರದ ಬಾಗಿಲು ಮುಚ್ಚಿ ಅದರ ಹಿಂದೆ ನಿಂತರೆ ನಿಮ್ಮನ್ನು ಹಿಡಿಯಲು ಬಂದ ಮೃಗ ತಾನೇ ಬಾಗಿಲು ಪುಡಿ ಮಾಡುತ್ತದೆ. ಗುಂಡು ಉಳಿಯಿತು, ಪ್ರಾಣ ಉಳಿಯುವುದು ಬಿಡುವುದು ನಿಮ್ಮ ಕಾಲಿಗೆ ಬಿಟ್ಟದ್ದು. ಅದು ನೋಡುತ್ತಿರುವಾಗಲೇ ಮಂಚದ ಅಡಿಗೆ ತೂರಿದರೆ ಪ್ರಯೋಜನವಿಲ್ಲ, ಎಳೆದು ಹೊರಗೆ ಹಾಕುತ್ತದೆ.

ತಂತಿ ಬಲೆಗಳ ಬಗ್ಗೆ ಒಂದು ಮಾತು. ದಾರಿಗಡ್ಡಲಾಗಿ ಮೊಣಕಾಲಿನ ಕೆಳಗೆ ತೆಳುವಾದ ತಂತಿ ಬಿಗಿದಿರುತ್ತದೆ, ಇನ್ನೊಂದು ತುದಿಗೆ ಗ್ರೆನೇಡೋ ವಿಷಾನಿಲವೋ. ಕತ್ತಲಲ್ಲಿ ಓಡಿದವರು ಸಾಯುವುದು ಮೃಗದಿಂದ ಎಷ್ಟೋ, ಇದರಿಂದಲೂ ಅಷ್ಟೇ. ದೂರದಿಂದ ಇಟ್ಟಿಗೆ ಎಸೆದು ಸಿಡಿಸಬಹುದು, ಆದರೆ ಆ ಸದ್ದಿಗೆ ಯಾರು ಬರುತ್ತಾರೆ ಎಂದು ಮತ್ತೆ ಹೇಳಬೇಕಿಲ್ಲ.

ಗಾಯವಾದರೆ ರಕ್ತ ನೆಲದ ಮೇಲೆ ತೊಟ್ಟಿಕ್ಕುತ್ತದೆ, ಅದೇ ಜಾಡು ಹಿಡಿದು ಮೃಗ ಬರುತ್ತದೆ. ಎಷ್ಟು ಜೀವ ಉಳಿದಿದೆ ಎಂದು ತೋರಿಸುವ ಹೆಲ್ತ್ ಬಾರ್ ಪರದೆಯ ಮೇಲೆ ಇಲ್ಲದ್ದರಿಂದ ಇದನ್ನು ಮರೆತುಬಿಡುವುದು ಸುಲಭ. ಅದಕ್ಕೆ ಬಟ್ಟೆ ಚೂರು ಕಂಡಲ್ಲೆಲ್ಲ ಎತ್ತಿಕೊಳ್ಳಿ. ಅದೇ ಬಟ್ಟೆಯನ್ನು ಕೋಲಿಗೆ ಸುತ್ತಿದರೆ ಪಂಜೂ ಆಗುತ್ತದೆ, ಹಚ್ಚಲು ಲೈಟರ್ ಬೇಕು ಅಷ್ಟೇ. ಪಂಜು ಬೇಕಾಗುವುದು ಇಲಿಗಳಿಗೆ. ಹೆಣ ತಿನ್ನುತ್ತಾ ದಾರಿಯ ನಡುವೆ ಗುಂಪು ಕಟ್ಟಿರುತ್ತವೆ, ಹತ್ತಿರ ಹೋದರೆ ಕಚ್ಚುತ್ತವೆ, ಬೆಂಕಿ ತೋರಿಸಿದರೆ ಚದುರುತ್ತವೆ. ಹೆಣವನ್ನೇ ಸುಟ್ಟುಬಿಟ್ಟರೆ ಆ ಜಾಗದ ಕಾಟ ತಪ್ಪುತ್ತದೆ, ಆದರೆ ಅದಕ್ಕೆ ಜನರೇಟರಿಗೆ ಹಾಕಬೇಕಾದ ಇಂಧನವನ್ನು ಖರ್ಚು ಮಾಡಬೇಕು. ಮೊದಲ ಸಲ ಇಲಿಗಳು ಒಳ್ಳೆಯ ತೊಡಕು ಅನ್ನಿಸುತ್ತವೆ. ಮೂರನೇ ಸಲಕ್ಕೆ ಬರೀ ಕಿರಿಕಿರಿ. ಮೃಗದ ವರ್ತನೆಯಲ್ಲಿರುವ ಜೀವ ಇವುಗಳಲ್ಲಿ ಇಲ್ಲ, ಟ್ರಾಫಿಕ್ಕಿನಲ್ಲಿ ಮಲಗಿದ ಎಮ್ಮೆಯ ಹಾಗೆ ದಾರಿಗೆ ಅಡ್ಡ, ಅಷ್ಟೇ.

ಮತ್ತೆ ಮತ್ತೆ ಆಡಲು ಅನುಕೂಲ ಮಾಡಿಕೊಟ್ಟಿರುವುದು ಆಟದೊಳಗಿನ ಕಲಸುಮೇಲೋಗರ. ಸೈನಿಕರ ಲಾಕರ್‌ಗಳಿಗೆ ಮೂರಂಕಿಯ ಕೋಡ್ ಇದೆ, ಆ ಸೈನಿಕನ ಕೊರಳ ಬಿಲ್ಲೆಯ ಹಿಂಬದಿಯಲ್ಲಿ ಅದು ಸಿಗುತ್ತದೆ. ಪ್ರತಿ ಹೊಸ ಆಟಕ್ಕೂ ಕೋಡ್ ಬದಲು, ಬಲೆಗಳ ಜಾಗ ಬದಲು, ಸಾಮಾನುಗಳೂ ಕದಲುತ್ತವೆ. ಯೂಟ್ಯೂಬಿನಲ್ಲಿ ನೋಡಿಕೊಂಡು ಬಂದ ಕೋಡ್ ನಿಮ್ಮ ಲಾಕರಿಗೆ ಹತ್ತುವುದಿಲ್ಲ. ಇದು ಒಳ್ಳೆಯದೇ, ಆದರೆ ಇದಕ್ಕೂ ಮಿತಿ ಇದೆ. ಗೋಡೆ, ಕೋಣೆ, ಕಾರಿಡಾರ್ ಒಂದಿಂಚೂ ಕದಲುವುದಿಲ್ಲ. ನಾಲ್ಕನೇ ಸಲದ ಹೊತ್ತಿಗೆ ಯಾವ ವಿಭಾಗ ಮೊದಲು, ಯಾವುದು ಆಮೇಲೆ ಎಂಬುದು ಬಾಯಿಪಾಠವಾಗಿರುತ್ತದೆ, ಕೈ ತಾನಾಗಿ ನಡೆಯುತ್ತದೆ. ಮೃಗದ ಸದ್ದಿನಲ್ಲೂ ಹಾಗೆ: ಗೋಡೆಯೊಳಗಿನ ಓಡಾಟ ಯಾವುದು, ತೂತಿನಿಂದ ಇಳಿಯುವ ಸದ್ದು ಯಾವುದು ಎಂದು ಕಿವಿ ಬೇರೆ ಮಾಡಲು ಕಲಿತ ದಿನ ಹೆದರಿಕೆ ಅರ್ಧ ಇಳಿಯುತ್ತದೆ. ಉಳಿಯುವುದು ಇಂಧನದ ಲೆಕ್ಕಾಚಾರ. ಆ ಲೆಕ್ಕಾಚಾರ ಮಾತ್ರ ಹಳತಾಗುವುದಿಲ್ಲ ಎಂಬುದು ಆಶ್ಚರ್ಯ.

ಕೊನೆಯ ಭಾಗದಲ್ಲಿ ಬಂಕರಿನ ಅಡಿಗೆ ಸಿಗುವ ರೋಮನ್ ಕಾಲದ ಸುರಂಗಗಳು ನನಗೆ ಎಂದೂ ರುಚಿಸಿಲ್ಲ. ಅಲ್ಲಿಯವರೆಗೆ ಎಲ್ಲಿಗೆ ಬೇಕಾದರೂ ಹೋಗು, ಹೇಗೆ ಬೇಕಾದರೂ ಮಾಡು ಎಂದ ಆಟ ಅಲ್ಲಿ ಕೈ ಹಿಡಿದು ಒಂದೇ ದಾರಿಯಲ್ಲಿ ನಡೆಸುತ್ತದೆ. ಊಟ ಚೆನ್ನಾಗಿದ್ದು ಮಜ್ಜಿಗೆ ನೀರಾದ ಹಾಗೆ.

2023ರ ಅಕ್ಟೋಬರಿನಲ್ಲಿ ಬಂದ ಉಚಿತ ಅಪ್‌ಡೇಟ್ ಹಳೆಯ ಆಟಗಾರರಿಗೆ ಹೊಸ ಉಸಿರು ಕೊಟ್ಟಿತು. ‘ಶೆಲ್ ಶಾಕ್ಡ್’ ಎಂಬ ಇನ್ನೂ ಕಠಿಣ ಮಟ್ಟ ಒಂದು, ಎಲ್ಲವನ್ನೂ ಬೇಕಾದಂತೆ ಹೊಂದಿಸಿಕೊಳ್ಳುವ ಕಸ್ಟಮ್ ಮೋಡ್ ಒಂದು. ಎರಡನೆಯದೇ ಹೆಚ್ಚು ಉಪಯೋಗದ್ದು. ಹೊಸಬರು ಮೊದಲ ಸಲ ನಾರ್ಮಲ್‌ನಲ್ಲೇ ಆಡಲಿ. ಈಸಿಯಲ್ಲಿ ಇಂಧನದ ಬಿಸಿ ತಟ್ಟುವುದಿಲ್ಲ, ಬಿಸಿ ತಟ್ಟದಿದ್ದರೆ ಇದು ಸಾಮಾನ್ಯ ಹುಡುಕಾಟದ ಆಟ. ಎರಡು ಸಲ ಮುಗಿಸಿದವರು ಹಾರ್ಡ್‌ಗೆ ಹಾರುವ ಬದಲು ಕಸ್ಟಮ್‌ಗೆ ಹೋಗಿ ಮೃಗವನ್ನು ಹಾಗೇ ಬಿಟ್ಟು ಸಾಮಾನು ಸರಂಜಾಮು ಮಾತ್ರ ಕಡಿಮೆ ಮಾಡಿ ನೋಡಿ. ಮೃಗವನ್ನು ಉಗ್ರ ಮಾಡಿದರೆ ಮಂಚದ ಅಡಿಯಲ್ಲಿ ಮಲಗುವ ಹೊತ್ತು ಹೆಚ್ಚುತ್ತದೆ, ಬೇಸರವೂ ಹೆಚ್ಚುತ್ತದೆ. ಸಾಮಾನು ಕಡಿಮೆಯಾದರೆ ಪ್ರತಿ ಹೆಜ್ಜೆಗೂ ನಿರ್ಧಾರ ಬೇಕಾಗುತ್ತದೆ.

ಕೊಳ್ಳುವವರಿಗೆ ಎರಡು ಮೂರು ವಿಷಯ. ಕನ್ನಡ ಸಬ್‌ಟೈಟಲ್ ಇಲ್ಲ, ಸುಳಿವೆಲ್ಲ ಚೀಟಿಗಳಲ್ಲೇ ಇರುವುದರಿಂದ ಇಂಗ್ಲಿಷ್ ಓದಲು ಬರಬೇಕು. ಹೆಡ್‌ಫೋನ್ ಕಡ್ಡಾಯ ಎಂದೇ ತಿಳಿಯಿರಿ, ಮೃಗ ಎಡಗೋಡೆಯಲ್ಲೋ ಬಲಗೋಡೆಯಲ್ಲೋ ಎಂಬುದು ಟಿವಿ ಸ್ಪೀಕರಿನಲ್ಲಿ ಗೊತ್ತಾಗುವುದಿಲ್ಲ. ಕಾಣುವುದಿಲ್ಲವೆಂದು ಗಾಮಾ (ಪರದೆಯ ಹೊಳಪು) ಏರಿಸಿದರೆ ಟಾರ್ಚಿಗೂ ಜನರೇಟರಿಗೂ ಅರ್ಥವೇ ಉಳಿಯುವುದಿಲ್ಲ, ಬದಲಿಗೆ ಕೋಣೆಯ ದೀಪ ಆರಿಸಿ ಕೂರಿ. ಇನ್ನು, ಲ್ಯಾಂಟರ್ನ್ ಹತ್ತಿರ ಹೋಗದೆ ಬೇಕೆಂದಾಗ ಸೇವ್ ಮಾಡಲು ಬರುವುದಿಲ್ಲ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದವರ ಮನೆಯಲ್ಲಿ ನಿಜವಾದ ಕರೆಂಟು ಹೋದರೆ ಸೆರೆಮನೆಯಿಂದ ಹೊತ್ತು ತರುತ್ತಿದ್ದ ಇಂಧನದ ಕ್ಯಾನೂ ಹೋದ ಹಾಗೆಯೇ.