ಹೆಡ್‌ಲೈಟ್‌ಗೆ ದೊಡ್ಡ ಫ್ಯೂಸ್ ಹಾಕಬೇಡಿ: ಕೆರೆ ಏರಿ ಮೇಲೆ ನನ್ನ ಪಿಕಪ್‌ಗೆ ಬೆಂಕಿ ಬಿದ್ದಿದ್ದು ಹೀಗೆ

ಮನೆ ಮುಂದೆ ಹಳೇ ಪಿಕಪ್ ನಿಂತಿದ್ದರೆ ಮೊದಲು ಹೋಗಿ ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆದು ನೋಡಿ. ಹೆಡ್‌ಲೈಟ್ ಜಾಗದಲ್ಲಿ 30 ಆಂಪಿನ ಹಸಿರು ಫ್ಯೂಸ್ ಇದೆಯಾ? ಅಥವಾ ಫ್ಯೂಸ್ ಬದಲು ತಾಮ್ರದ ಎಳೆ ಸುತ್ತಿದ್ದಾರಾ? ಹಾಗಿದ್ದರೆ ಇವತ್ತು ರಾತ್ರಿ ಆ ಗಾಡಿ ತೆಗೆಯಬೇಡಿ. ನಾನು ತೆಗೆದಿದ್ದೆ.

ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಟೊಮೆಟೊ ಬೆಳೆಯುತ್ತೇವೆ, ಕೋಲಾರ ಎಪಿಎಂಸಿಗೆ ನಾವೇ ಹಾಕುತ್ತೇವೆ. ಗಾಡಿ 2008ರ ಮಾಡೆಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಎಂಜಿನ್ ಇವತ್ತಿಗೂ ಚೆನ್ನಾಗಿದೆ. ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಮೊಬೈಲಲ್ಲಿ ವಿಡಿಯೊ ನೋಡಿ ಕಲಿತಿದ್ದೇ ಜಾಸ್ತಿ.

ಮೊದಲ ತಪ್ಪು ಹಿಂದಿನ ಕಮಾನಿನಲ್ಲಿ, ಅಂದರೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳಲ್ಲಿ ಆಯಿತು. ಎಂಬತ್ತು ಬಾಕ್ಸ್ ಹೇರಿದರೆ, ಒಂದು ಬಾಕ್ಸ್ ಹದಿನೈದು ಕೆಜಿ ಅಂದರೂ 1,200 ಕೆಜಿ ಆಗುತ್ತದೆ. ಹಿಂಭಾಗ ಕೂರುತ್ತದೆ ಅಂತ ಎರಡೂ ಕಡೆ ಒಂದೊಂದು ಕಮಾನ್ ಪಟ್ಟಿ ಸೇರಿಸಿದೆ. ಹಿಂದುಗಡೆ ಎರಡು ಇಂಚು ಎದ್ದಿತು, ನನಗೂ ಖುಷಿಯಾಯಿತು. ಆದರೆ ಹಿಂದೆ ಎದ್ದರೆ ಮೂತಿ ಬಗ್ಗುತ್ತದೆ, ಅಲ್ವಾ? ಮಾರ್ಕೆಟ್‌ನಿಂದ ಖಾಲಿ ವಾಪಸ್ ಬರುವಾಗ ಬೆಳಕು ಬಂಪರ್ ಮುಂದೆ ಹತ್ತು ಮಾರು ಬಿದ್ದು ನಿಂತುಹೋಗುತ್ತಿತ್ತು. ನನಗೆ ಅದು ಹೊಳೆಯಲಿಲ್ಲ. ಬಲ್ಬಿಗೆ ವಯಸ್ಸಾಗಿದೆ ಅಂದುಕೊಂಡೆ.

ಕಮಾನಿನ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಷ್ಟೋ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಬ್ರೇಕ್ ಪೈಪಿಗೆ ಒಂದು ವಾಲ್ವ್ ಇರುತ್ತದೆ. ಬಾಡಿ ಎಷ್ಟು ಕೆಳಗೆ ಕೂತಿದೆ ಅನ್ನುವುದರ ಮೇಲೆ ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ಪಟ್ಟಿ ಸೇರಿಸಿದರೆ ಲೋಡ್ ಇದ್ದರೂ ಬಾಡಿ ಅಷ್ಟು ಕೂರುವುದಿಲ್ಲ. ಆಗ ತುಂಬಿದ ಗಾಡಿಗೆ ಖಾಲಿ ಗಾಡಿಯ ಬ್ರೇಕ್ ಸಿಗುತ್ತದೆ. ನಾನು ಒಂದೂವರೆ ತಿಂಗಳು ಹಾಗೇ ಓಡಿಸಿದ್ದೇನೆ. ಈಗ ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತದೆ.

ಬಲ್ಬಿನ ವಿಷಯಕ್ಕೆ ಬರುತ್ತೇನೆ. ಕಂಪನಿಯಿಂದ ಬಂದಿದ್ದು 60/55 ವ್ಯಾಟ್ ಎಚ್4 ಬಲ್ಬು, ಅಂದರೆ ಹೈ ಬೀಮ್‌ಗೆ 60, ಡಿಮ್‌ಗೆ 55 ವ್ಯಾಟ್. ಅಂಗಡಿಯಲ್ಲಿ 100/90 ವ್ಯಾಟ್ ಕೊಟ್ಟರು. ಅದೇ ಹೋಲ್ಡರ್‌ಗೆ ಸರಿಯಾಗಿ ಕೂತಿತು. ಸಾಲದು ಅಂತ ಬಂಪರ್ ಮೇಲೆ ಎರಡು ಎಲ್‌ಇಡಿ ಲೈಟ್ ಹಾಕಿದೆ. ಅದಕ್ಕೆ ಕರೆಂಟು ಹೈ ಬೀಮ್ ವೈರಿನಿಂದಲೇ ಸಿಪ್ಪೆ ಸುಲಿದು ತಗೊಂಡು ಟೇಪ್ ಸುತ್ತಿದೆ. ಮೊದಲ ರಾತ್ರಿ ರಸ್ತೆ ಹಗಲಿನ ಹಾಗೆ ಕಂಡಿತು. ಎದುರಿಂದ ಡೈರಿಗೆ ಹಾಲು ಹಾಕಲು ಬರುವ ಬೈಕಿನವರು ಕಣ್ಣಿಗೆ ಕೈ ಅಡ್ಡ ಹಿಡಿದು ಪಕ್ಕಕ್ಕೆ ನಿಲ್ಲುತ್ತಿದ್ದರು. ಅವರ ಬಗ್ಗೆ ಆಗಲೇ ಯೋಚಿಸಬೇಕಿತ್ತು.

ಹೈ ಬೀಮ್ ಹಾಕಿ ಹತ್ತು ನಿಮಿಷ, ಒಮ್ಮೊಮ್ಮೆ ಇಪ್ಪತ್ತು ನಿಮಿಷ ಓಡಿಸಿದರೆ ಫ್ಯೂಸ್ ಹೋಗುತ್ತಿತ್ತು. 15 ಆಂಪಿನ ನೀಲಿ ಫ್ಯೂಸ್ ಅದು. ಮೂರು ಸಲ ಬದಲಾಯಿಸಿದೆ. ನಾಲ್ಕನೇ ಸಲ 30 ಆಂಪಿನ ಹಸಿರು ಫ್ಯೂಸ್ ಒತ್ತಿದೆ. ಆಮೇಲೆ ಹೋಗಲಿಲ್ಲ. ಸರಿಹೋಯಿತು ಅಂದುಕೊಂಡೆ.

ಈ ಒಂದು ವಿಷಯ ದಯವಿಟ್ಟು ಗಮನವಿಟ್ಟು ಓದಿ. ಫ್ಯೂಸ್ ಇರುವುದು ಬಲ್ಬ್ ಕಾಪಾಡಲು ಅಲ್ಲ, ವೈರ್ ಕಾಪಾಡಲು. ಹಳೇ ಬಲ್ಬು ಎರಡೂ ಸೇರಿ ಹೈ ಬೀಮ್‌ನಲ್ಲಿ ಸುಮಾರು 10 ಆಂಪ್ ಎಳೆಯುತ್ತವೆ. ನಾನು ಹಾಕಿದ್ದು ಎಲ್‌ಇಡಿ ಸೇರಿ 20 ಆಂಪ್ ಹತ್ತಿರ ಎಳೆಯುತ್ತಿತ್ತು. ಕರೆಂಟು ಎರಡು ಪಟ್ಟಾದರೆ ವೈರಿನಲ್ಲಿ ಬಿಸಿ ನಾಲ್ಕು ಪಟ್ಟಾಗುತ್ತದೆ. ನನ್ನ ಗಾಡಿಯಲ್ಲಿ ಹೆಡ್‌ಲೈಟ್‌ಗೆ ರಿಲೇ, ಅಂದರೆ ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟು ಬಿಡುವ ಸ್ವಿಚ್, ಇರಲಿಲ್ಲ. ಅಷ್ಟೂ ಕರೆಂಟು ಸ್ಟೀರಿಂಗ್ ಪಕ್ಕದ ಸ್ವಿಚ್ ಒಳಗೇ ಹಾದು ಹೋಗಬೇಕು. ಆ ಸ್ವಿಚ್‌ಗೆ ಹದಿನೈದು ವರ್ಷ ದಾಟಿತ್ತು. ನೀಲಿ ಫ್ಯೂಸ್ ಮೂರು ಸಲ ಸುಟ್ಟು ಬೇಡ ಅಂತ ಹೇಳಿತು. ನಾನು ಅದರ ಬಾಯಿ ಮುಚ್ಚಿಸಿದೆ.

ಅವತ್ತು ರಾತ್ರಿ ಎರಡೂವರೆ ಗಂಟೆ ಇರಬೇಕು. ಬೆಳಿಗ್ಗೆ ಹರಾಜಿಗೆ ಮುಂಚೆ ಇಳಿಸಬೇಕು ಅಂತ ನಾನು, ನನ್ನ ಭಾಮೈದ ಹೊರಟಿದ್ದೆವು. ಕೆರೆ ಏರಿ ಮೇಲೆ ಹೋಗುವಾಗ ಅವನು, "ಭಾವ, ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ" ಅಂದ. ಬ್ರೇಕ್ ಲೈನಿಂಗ್ ಇರಬೇಕು ಅಂದೆ. ಅಷ್ಟರಲ್ಲಿ ಲೈಟ್ ಎಲ್ಲ ಒಟ್ಟಿಗೆ ಆರಿಹೋಯಿತು. ಒಂದು ಕಡೆ ಕೆರೆ ನೀರು, ಇನ್ನೊಂದು ಕಡೆ ಇಳಿಜಾರು ಗದ್ದೆ. ಕತ್ತಲಲ್ಲಿ ಏನೂ ಕಾಣುತ್ತಿಲ್ಲ. ಸ್ಟೀರಿಂಗ್ ನೇರ ಹಿಡಿದು ಬ್ರೇಕ್ ಒತ್ತಿದೆ. ಗಾಡಿ ನಿಂತ ಮೇಲೆ ಸ್ಟೀರಿಂಗ್ ಕೆಳಗಿನಿಂದ ಬಿಳಿ ಹೊಗೆ, ಅದರ ಹಿಂದೆಯೇ ಸಣ್ಣ ಹಳದಿ ಉರಿ ಕಂಡಿತು.

ಭಾಮೈದ ಬರಿಗೈಯಲ್ಲಿ ಪ್ಲಾಸ್ಟಿಕ್ ಕವರ್ ಕಿತ್ತ. ಕರಗಿದ ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಮೂರು ಬೆರಳಿಗೆ ಅಂಟಿಕೊಂಡಿತು. ನಾನು ಬಾನೆಟ್ ಎತ್ತಿ ಬ್ಯಾಟರಿ ಟರ್ಮಿನಲ್ ಬಿಚ್ಚಲು ಹೋದೆ. ಸ್ಪ್ಯಾನರ್ ಸೀಟಿನ ಕೆಳಗಿನ ಚೀಲದಲ್ಲಿತ್ತು. ಕತ್ತಲಲ್ಲಿ ಕೈ ನಡುಗುತ್ತಾ ಹತ್ತನೇ ನಂಬರ್ ಹುಡುಕಲು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಟರ್ಮಿನಲ್ ಕಳಚಿದ ಮೇಲೆ ಕುಡಿಯುವ ನೀರಿನ ಕ್ಯಾನ್ ಪೂರ್ತಿ ಸುರಿದೆವು. ಆರಿತು. ಟೊಮೆಟೊ ಬೇರೆ ಗಾಡಿಗೆ ಹಾಕಿ ಕಳಿಸುವಷ್ಟರಲ್ಲಿ ಒಳ್ಳೆ ರೇಟು ಹೋಗಿತ್ತು. ನನ್ನದು ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಹಾಗಾಗಿ ಖರ್ಚೆಲ್ಲ ಕೈಯಿಂದಲೇ. ಅದೆಲ್ಲ ಹೋಗಲಿ. ಅವನ ಬೆರಳು ವಾಸಿಯಾಗಲು ಒಂದು ತಿಂಗಳು ಹಿಡಿಯಿತು. ತಂಗಿಯ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಕೋಲಾರದಲ್ಲಿ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ವೈರಿಂಗ್ ಬಿಚ್ಚಿ ನನ್ನ ಕೈಗಿಟ್ಟರು. ಸ್ವಿಚ್ ಕರಗಿ ಉಂಡೆಯಾಗಿತ್ತು, ತಾಮ್ರ ಕಪ್ಪು ತಿರುಗಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಹಸಿರು ಫ್ಯೂಸ್ ಮಾತ್ರ ಹೊಸದರ ಹಾಗೇ ಇತ್ತು. 30 ಆಂಪಿನ ಫ್ಯೂಸಿಗೆ 20 ಆಂಪ್ ಲೆಕ್ಕಕ್ಕೇ ಇಲ್ಲ.

ಹೊಸ ವೈರ್ ಎಳೆದು ಹಳೇ 60/55 ಬಲ್ಬನ್ನೇ ಹಾಕಿ ಅವರು ಮೀಟರ್ ಹಿಡಿದರು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಹತ್ತಿರ 11.2. ಅವರು ಏನೂ ಮಾತಾಡದೆ ಮಡ್‌ಗಾರ್ಡ್ ಒಳಗಿನ ಅರ್ತ್ ಬೋಲ್ಟ್ ಬಿಚ್ಚಿದರು, ಕರೆಂಟು ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ಜಾಗ ಅದು. ತುಕ್ಕು ಹಿಡಿದಿತ್ತು. ಎಮರಿ ಪೇಪರ್‌ನಲ್ಲಿ ತಗಡು ಹೊಳೆಯುವ ತನಕ ಉಜ್ಜಿ ಬಿಗಿ ಮಾಡಿದರು. ಮೀಟರ್ 13.4 ತೋರಿಸಿತು. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ನನ್ನದು ಇಪ್ಪತ್ತರ ಹತ್ತಿರ ಇಳಿದಿತ್ತು, ಅಂದರೆ ಬೆಳಕು ಅರ್ಧಕ್ಕರ್ಧ ಹೋಗಿತ್ತು. "ಬಲ್ಬು ಚೆನ್ನಾಗೇ ಇತ್ತಪ್ಪ, ಕರೆಂಟಿನ ದಾರಿ ಕೆಟ್ಟಿತ್ತು" ಅಂದರು.

ಈಗ ಡಿಮ್‌ಗೆ ಒಂದು, ಹೈಗೆ ಒಂದು ರಿಲೇ ಇದೆ. ಬ್ಯಾಟರಿಯಿಂದ ದಪ್ಪ ವೈರ್, 2.5 ಚದರ ಮಿಲಿಮೀಟರ್‌ನದು, ರಿಲೇಯ 30ನೇ ಪಿನ್‌ಗೆ ಬರುತ್ತದೆ. 87ರಿಂದ ಬಲ್ಬಿಗೆ ಹೋಗುತ್ತದೆ. ಸ್ವಿಚ್‌ನ ವೈರ್ 86ಕ್ಕೆ, 85 ಅರ್ತ್‌ಗೆ. ಸ್ವಿಚ್ ಈಗ ಬರೀ ರಿಲೇಗೆ ಸನ್ನೆ ಮಾಡುತ್ತದೆ, ಭಾರ ಹೊರುವುದಿಲ್ಲ. ಪ್ರತಿ ದಾರಿಗೂ ಬ್ಯಾಟರಿಯಿಂದ ಒಂದು ಗೇಣಿನ ಒಳಗೇ 15 ಆಂಪಿನ ಫ್ಯೂಸ್ ಇದೆ. ದೂರದಲ್ಲಿ ಫ್ಯೂಸ್ ಹಾಕಿದರೆ ಅಲ್ಲಿಯವರೆಗಿನ ವೈರಿಗೆ ಕಾವಲೇ ಇರುವುದಿಲ್ಲ. ಎಲ್‌ಇಡಿ ಕಿತ್ತು ಹಾಕಿದೆ.

ಕಮಾನ್ ಪಟ್ಟಿಯನ್ನೂ ಬಿಚ್ಚಿಸಿದೆ. ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಪ್ಪು. 2019ರ ತಿದ್ದುಪಡಿ ಆದಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು. ಅರವತ್ತೈದು ಬಾಕ್ಸ್‌ಗಿಂತ ಹೆಚ್ಚು ಹೇರುವುದನ್ನೂ ನಿಲ್ಲಿಸಿದ್ದೇನೆ. ಬೆಳಕು ಸರಿ ಮಾಡಿದ್ದು ಮನೆ ಗೋಡೆ ಮುಂದೆ. ಸಮತಟ್ಟು ಜಾಗದಲ್ಲಿ 25 ಅಡಿ ದೂರ ನಿಲ್ಲಿಸಿ, ಬಲ್ಬಿನ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಡಿಮ್ ಬೆಳಕಿನ ಮೇಲಂಚು ಗೆರೆಗಿಂತ ಎರಡು ಇಂಚು ಕೆಳಗೆ ಬರುವ ತನಕ ಹೆಡ್‌ಲೈಟ್ ಹಿಂದಿನ ಸ್ಕ್ರೂ ತಿರುಗಿಸಿದೆವು. ಭಾಮೈದ ಗೋಡೆ ಹತ್ತಿರ ನಿಂತು ಹೇಳುತ್ತಿದ್ದ, ಬ್ಯಾಂಡೇಜ್ ಕೈಯಲ್ಲೇ ಗೆರೆ ತೋರಿಸುತ್ತಾ. ಹತ್ತನೇ ನಂಬರ್ ಸ್ಪ್ಯಾನರ್ ಈಗ ಬಾನೆಟ್ ಒಳಗೆ, ಬ್ಯಾಟರಿ ಪಕ್ಕದಲ್ಲೇ ಕಟ್ಟಿದ್ದೇನೆ.